ಚಪ್ಪಲಿ ಬಿಡದ ಬೆರಳುಗಳು

"ಅಂವಾ ಇನ್ನ ಟ್ರೆಡಲ್ ಮಶಿನ್ ಮುಂದ ನಿಲ್ಲೋದು ಆಗೋ ಮಾತಲ್ಲ" ಎಂದು ಮೊದಲು ಹೇಳಿದವರು ನಮ್ಮ ಕೆರೂರ ಡಾಕ್ಟರು. ಎರಡನೆಯವರು ಮುದ್ರಣಾಲಯದ ಮಾಲೀಕರಾದ ಶೆಟ್ಟರು. ಮೂರನೆಯವನು ಕಾಲು ಕಳೆದುಕೊಂಡ ಪರಶುರಾಮನೇ. ಅವನ ತಾಯಿ ಅಂಬವ್ವ ಮಾತ್ರ ಆಗುತ್ತದೆ ಎಂದೂ ಹೇಳಲಿಲ್ಲ, ಆಗುವುದಿಲ್ಲ ಎಂದೂ ಹೇಳಲಿಲ್ಲ. "ಮೊದಲ ಆ ತೊಗಲಿನ ಕಾಲು ಹೊರಗಿಡು" ಎಂದಳು, ಅಷ್ಟೇ. ಅವಳ ಆ ಮಾತನ್ನು ಮೊದಲ ದಿನವೇ ಸರಿಯಾಗಿ ಕೇಳಿಸಿಕೊಂಡಿದ್ದರೆ ನಮ್ಮ ಕೆಲಸ ಎಷ್ಟೋ ಹಗುರಾಗುತ್ತಿತ್ತು.

ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ನಾನು ನನ್ನ ಸರ್ವಿಸು ಪೂರ್ತಿ ಕಾಲು ಮಾಡಿದೆ, ಕೈ ಮಾಡಿದೆ. ಈಗ ಇದೇ ಕೆಲಸ ಕಲಿತ ಹುಡುಗ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. ಅವರ ಹತ್ತಿರ ಪ್ಲಾಸ್ಟಿಕ್ ಇದೆ, ಅಳತೆ ತೆಗೆಯುವ ಯಂತ್ರ ಇದೆ. "ಸರ್, ನಿಮ್ಮ ಹತ್ತಿರ ಏನಿತ್ತು?" ಎನ್ನುತ್ತಾರೆ. ಕಟ್ಟಿಗೆ ಇತ್ತು, ತೊಗಲು ಇತ್ತು, ಕಬ್ಬಿಣದ ಪಟ್ಟಿ ಇತ್ತು, ಬೈಯಲಿಕ್ಕೆ ಹುಸೇನಸಾಬ ಮಿಸ್ತ್ರಿ ಇದ್ದರು ಎನ್ನುತ್ತೇನೆ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಯಾರು ಅದನ್ನು ತಡೆದರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದರಿಂದ ಯಾರ ಕಾಲೂ ನಡೆಯಲಿಲ್ಲ.

ನಾನು ಅಮ್ಮಿನಬಾವಿಯವನು. ಅಪ್ಪ ಚಪ್ಪಲಿ ಹೊಲಿಯುತ್ತಿದ್ದ, ಬಾವಿಯಿಂದ ನೀರೆತ್ತುವ ತೊಗಲಿನ ಚೀಲ ಹೊಲಿಯುತ್ತಿದ್ದ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಸಾಲಿಯ ಒಳಗೆ ಹೋದವರು ಯಾರೂ ಇಲ್ಲ. ಹೋಗಿದ್ದರೆ ಮಾಸ್ತರರ ಚಪ್ಪಲಿ ಕೊಡಲಿಕ್ಕೆ ಹೋಗಿರಬೇಕು. ನಾನು ಧಾರವಾಡದಲ್ಲಿ ಬಿ.ಎ. ಮಾಡಿದೆ, ತತ್ವಶಾಸ್ತ್ರ ಮತ್ತು ಮನಶ್ಶಾಸ್ತ್ರದಲ್ಲಿ. ಆ ವಿಷಯ ಯಾಕೆ ಎಂದರೆ, ಆ ತರಗತಿಯಲ್ಲಿ ಬೆಂಚು ಖಾಲಿ ಇದ್ದವು. ಮುಂದಿನ ಬೆಂಚಿನಲ್ಲಿ ಕೂಡುವ ಆಸೆ ನನಗೆ ಸಣ್ಣಂದಿನಿಂದಲೂ ಇತ್ತು.

ಮುಂದೆ ಕೂತದ್ದಕ್ಕೆ ಪ್ರಶ್ನೆಗಳೂ ನನಗೇ ಬೀಳುತ್ತಿದ್ದವು. ನಮ್ಮ ಪ್ರೊಫೆಸರರು ಒಂದು ದಿನ ಕೇಳಿದರು, "ಹಲ್ಲುಬ್ಯಾನಿ ಇರೋದು ಎಲ್ಲೆ? ಹಲ್ಲಿನಾಗೋ, ಮಿದುಳಿನಾಗೋ, ಮನಸ್ಸಿನಾಗೋ?"

ನಾನು ಎದ್ದು ನಿಂತು ಹೇಳಿದೆ: "ಗೊತ್ತಿಲ್ಲರಿ ಸರ. ಆದರ ನಮ್ಮೂರಾಗ ಹಲ್ಲ ಕೀಳ್ತಾರ್ರಿ, ಮಿದುಳು ಕಿತ್ತದ್ದು ನೋಡಿಲ್ಲ."

ಇಡೀ ತರಗತಿ ನಕ್ಕಿತು. ಪ್ರೊಫೆಸರರು ನಗಲಿಲ್ಲ. "ಕೂಡಪಾ. ಇದಕ್ಕ ಉತ್ತರ ಸಿಕ್ಕರ ನನಗೂ ಹೇಳು. ನಾನೂ ಹುಡುಕಾಕತ್ತು ಬಾಳ ದಿವಸ ಆತು" ಎಂದರು. ಮಿದುಳಿಗೇ ಮನಸ್ಸು ಎಂದು ಹೆಸರಿಟ್ಟಿದ್ದೇವೆ ಎನ್ನುವವರು ಒಂದು ಕಡೆ, ಅಲ್ಲ ಎನ್ನುವವರು ಇನ್ನೊಂದು ಕಡೆ. ಆ ವರ್ಷವಿಡೀ ಅವರು ಎರಡೂ ಕಡೆಯ ವಾದವನ್ನು ನಮಗೆ ತಿನ್ನಿಸಿದರು. ಪರೀಕ್ಷೆಯಲ್ಲಿ ನಾನು ಎರಡನ್ನೂ ಬರೆದು ಪಾಸಾದೆ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಆಸ್ಪತ್ರೆಯ ಕೃತಕ ಕಾಲಿನ ವಿಭಾಗಕ್ಕೆ ಸಹಾಯಕ ಬೇಕು ಎಂದು ತಿಳಿದು ಹೋದೆ. ಕೆರೂರ ಡಾಕ್ಟರು ಶಸ್ತ್ರಚಿಕಿತ್ಸಕರು, ವಿಭಾಗವೂ ಅವರ ಕೈಯಲ್ಲೇ. ಅವರ ಮೇಜಿನ ಮೇಲೆ ಬಣ್ಣ ಬಳಿದ ಒಂದು ಮಣ್ಣಿನ ಮಿದುಳು ಇತ್ತು, ಕೋಸುಗಡ್ಡೆಯಷ್ಟು ದೊಡ್ಡದು.

"ಏನ ಓದೀರಿ?"

"ತತ್ವಶಾಸ್ತ್ರ, ಮನಶ್ಶಾಸ್ತ್ರರೀ."

"ತಂದಿ ಏನ ಮಾಡ್ತಾರ?"

"ಚಪ್ಪಲಿ ಹೊಲೀತಾರ್ರಿ."

"ನಿಮಗ ಬರ್ತದೇನು?"

"ಬರತೈತ್ರಿ. ಓದಿದ್ದ ಅದರ ದುಡಿಮಿ ಮ್ಯಾಲ."

ಡಾಕ್ಟರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಭೇಷ್. ಕಾಲಿಗೆ ತೊಗಲು ಹೊಲಿಯೋದೂ ಬರ್ತದ, ಕಾಲು ಕಳಕೊಂಡವರ ಕೂಡ ಮಾತಾಡೋದೂ ಬರ್ತದ. ನಾಳಿಂದ ಬರ್ರಿ."

ಊರಿಗೆ ಹೋಗಿ ಹೇಳಿದಾಗ ಅಪ್ಪ ಉಳಿಯನ್ನು ಕೆಳಗಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಬಿ.ಎ. ಮಾಡಿ ಮತ್ತ ತೊಗಲಿಗೇ ಬಂದ್ಯಲ್ಲೋ ಮಗನ!"

"ಅಲ್ಲಿ ಕುರ್ಚಿ ಮ್ಯಾಲ ಕುಂತು ಹೊಲೀತಾರಪ್ಪಾ."

"ಕುರ್ಚಿ ಮ್ಯಾಲ ಕುಂತ್ರ ಹೊಲಿಗಿ ಬಿಗಿ ಬರೂದಿಲ್ಲ. ಕುರ್ಚಿ ತಗೋ, ಹೊಲಿಯೂಮುಂದ ನೆಲಕ್ಕ ಕುಂದ್ರು."

ಇಡೀ ಸರ್ವಿಸಿನಲ್ಲಿ ನಾನು ಹಾಗೇ ಮಾಡಿದೆ. ಕುರ್ಚಿಯ ಮೇಲೆ ಅಂಗಿ ತೂಗಿಹಾಕುತ್ತಿದ್ದೆ.

ನಮ್ಮ ಶೆಡ್ಡಿನ ಹಿರಿಯರು ಹುಸೇನಸಾಬ ಮಿಸ್ತ್ರಿ. ಮೂಲತಃ ಗಾಡಿಯ ಗಾಲಿ ಮಾಡುವ ಬಡಿಗರು. ಕಟ್ಟಿಗೆಯನ್ನು ಬೆರಳ ಗೆಣ್ಣಿನಿಂದ ಬಡಿದು, ಸಪ್ಪಳ ಕೇಳಿ ಆರಿಸುತ್ತಿದ್ದರು. ಅವರಿಗೆ ಎರಡು ನಿಯಮ. ಒಂದು, ವಿಲಾಯತಿಯಿಂದ ಬಂದ ಚಿತ್ರದ ಪುಸ್ತಕದಲ್ಲಿ ಇದ್ದಂತೆಯೇ ಕಾಲು ಇರಬೇಕು. ಇನ್ನೊಂದು, ಕಾಲಿಗೆ ನೀರು ತಾಗಬಾರದು. ಕಟ್ಟಿಗೆ ಉಬ್ಬುತ್ತದೆ, ತೊಗಲು ಕೊಳೆಯುತ್ತದೆ. ಕಾಲು ತೆಗೆದುಕೊಂಡು ಹೋಗುವ ಪ್ರತಿಯೊಬ್ಬರಿಗೂ ಅವರು ಅದನ್ನು ಗದರಿಸಿಯೇ ಹೇಳುತ್ತಿದ್ದರು. ಪುಸ್ತಕದ ಚಿತ್ರಗಳಲ್ಲಿ ಎಲ್ಲರೂ ಬೂಟು ಹಾಕಿದವರು. ಹೀಗಾಗಿ ನಾವು ಮಾಡುವ ಪಾದಕ್ಕೆ ಬೆರಳೇ ಇರುತ್ತಿರಲಿಲ್ಲ. ಬೂಟಿನ ಆಕಾರದ ಒಂದು ಕೊರಡು, ಅದರ ಮೇಲೆ ಮೊಳೆ ಹೊಡೆದು ಕೂಡಿಸಿದ ಕರಿ ಬೂಟು. ಹೊಲದಲ್ಲಿ ಬರಿಗಾಲಲ್ಲಿ ಓಡಾಡಿದ ರೈತನಿಗೂ ಅದೇ, ಅಂಗಡಿಯ ಗಾದಿಯ ಮೇಲೆ ಚಕ್ಕಳಮಕ್ಕಳ ಕೂಡುವ ವ್ಯಾಪಾರಿಗೂ ಅದೇ. ನಮಗೆ ಯಾರಿಗೂ ಅದು ತಪ್ಪು ಎಂದು ಹೊಳೆದಿರಲಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲೇ ಪ್ರೊಫೆಸರರ ಪ್ರಶ್ನೆ ನನ್ನನ್ನು ಹುಡುಕಿಕೊಂಡು ಬಂತು. ಒಬ್ಬ ರೈತ ಇಲ್ಲದ ಮೀನಖಂಡ ಕೆರೆಯುತ್ತದೆ ಎಂದು ಬಂದ. "ಎಲ್ಲಿ ಕೆರಕೊಳ್ಳಲಿ ಹೇಳ್ರಿ, ಅಷ್ಟ ಸಾಕು" ಎಂದು ಕೂತ. ಲಕಮನಹಳ್ಳಿಯ ಒಬ್ಬ ಹೆಣ್ಣುಮಗಳಿಗೆ ಮೊಣಕೈ ಕೆಳಗೆ ಕೈ ಇರಲಿಲ್ಲ. ಆ ಇಲ್ಲದ ಕೈಯಲ್ಲಿ ಹಸಿರು ಬಳೆ ಇನ್ನೂ ಇವೆ ಎಂದಳು. "ಭಾಂಡೆ ತಿಕ್ಕೂಮುಂದ ಮ್ಯಾಲ ಸರಸ್ಕೋಬೇಕು ಅನಸತೈತ್ರಿ, ಇಲ್ಲಾಂದ್ರ ಒಡೀತಾವಲ್ಲ" ಎಂದು ತಾನೇ ನಕ್ಕಳು. ಅವಳಿಗೆ ನೋವೇನೂ ಇರಲಿಲ್ಲ. ಬಳೆ ಇರಲಿ ಬಿಡವ್ವಾ ಎಂದು ಕಳಿಸಿದೆವು.

ಡಾಕ್ಟರು ಮಣ್ಣಿನ ಮಿದುಳನ್ನು ಕೈಗೆತ್ತಿಕೊಂಡು, ನಡುನೆತ್ತಿಯ ಸೀಳಿನಲ್ಲಿ ಪೆನ್ಸಿಲ್ಲು ತೂರಿಸಿ ನನಗೆ ತೋರಿಸಿದರು. "ನೋಡು ಯಲ್ಲಪ್ಪಾ, ಪಾದ ಇರೋದು ಇಲ್ಲೆ. ಕೆಳಗಿನ ಕಾಲು ಹೋತು, ಇಲ್ಲಿನ ಕಾಲು ಉಳೀತು. ಅಷ್ಟ ಅದ ಇದರಾಗ. ಮನಸ್ಸು ಪಿನಸ್ಸು ಅಂತ ನಿಮ್ಮ ಪ್ರೊಫೆಸರು ಹೇಳಿದ್ದೆಲ್ಲಾ ಈ ಗಡ್ಡಿಯೊಳಗ ಹಿಡಸ್ತದ." ಅವರು ಅಹಂಕಾರದಿಂದ ಹೇಳುತ್ತಿರಲಿಲ್ಲ, ಸಂತೋಷದಿಂದ ಹೇಳುತ್ತಿದ್ದರು. ಇಷ್ಟು ದೊಡ್ಡ ಸಂಗತಿ ಇಷ್ಟು ಸಣ್ಣ ಗಂಟಿನಲ್ಲಿ ಇದೆಯಲ್ಲ ಎಂಬ ಸಂತೋಷ. ನನಗೂ ಅದು ಹಿಡಿಸುತ್ತಿತ್ತು.

ಹೀಗಿರುವಾಗ ಪರಶುರಾಮ ಬಂದ.

ಕಮರಿಪೇಟೆಯವನು, ನಡುವಯಸ್ಸು ಇನ್ನೂ ದಾಟಿರಲಿಲ್ಲ. ಶೆಟ್ಟರ ಮುದ್ರಣಾಲಯದಲ್ಲಿ ಟ್ರೆಡಲ್ ಯಂತ್ರ ತುಳಿಯುವವನು. ಆ ಯಂತ್ರಕ್ಕೆ ಕರೆಂಟು ಇರಲಿಲ್ಲ. ಎಡಗಾಲ ಮೇಲೆ ನಿಂತು ಬಲಗಾಲಿನಿಂದ ತುಳಿಯುತ್ತಲೇ ಇರಬೇಕು, ಕೈ ಒಂದೊಂದೇ ಹಾಳೆ ಇಡುತ್ತ ತೆಗೆಯುತ್ತ ಇರಬೇಕು. ಹೊಸ ಚಪ್ಪಲಿ ಕೊಂಡ ದಿನವೇ ಅವನು ಒಂದು ಲಾರಿಯಿಂದ ಇಳಿಯುತ್ತಿದ್ದ. ಇಳಿಯುವ ಮೊದಲೇ ಲಾರಿ ಸರಿಯಿತು. ಬಲಗಾಲಿನ ಚಪ್ಪಲಿ ಕಳಚತೊಡಗಿತು, ಹೊಸದು ಹೋದೀತು ಎಂದು ಬೆರಳುಗಳಿಂದ ಬಿಗಿಯಾಗಿ ಹಿಡಿದ. ಅಷ್ಟರಲ್ಲಿ ಗಾಲಿ ಹಾಯಿತು. ಮೊಣಕಾಲ ಕೆಳಗೆ ಕಾಲು ತೆಗೆಯಬೇಕಾಯಿತು.

"ಬೆರಳು ಚಪ್ಪಲಿ ಬಿಡವಲ್ವುರಿ" ಎನ್ನುವುದು ಅವನ ದೂರು. ಇಲ್ಲದ ಐದು ಬೆರಳು ಇಲ್ಲದ ಚಪ್ಪಲಿಯನ್ನು ಹಿಡಿದು ಕೂತಿದ್ದವು. ಕೈಮುಷ್ಟಿಯನ್ನು ಎಷ್ಟು ಹೊತ್ತು ಬಿಗಿಹಿಡಿಯಲು ಸಾಧ್ಯ? ಅವನ ಬೆರಳು ಹಗಲೂ ರಾತ್ರಿ ಹಾಗೆ ಬಿಗಿಹಿಡಿದಿದ್ದವು. ನಾವು ಮಾಡಿಕೊಟ್ಟ ಬೂಟಿನ ಕಾಲನ್ನು ಕಟ್ಟಿ, ಭಾರ ಹಾಕಿದ ಕೂಡಲೇ ಹಿಡಿತ ಇನ್ನೂ ಬಿಗಿಯಾಗುತ್ತಿತ್ತು. ಮುಖದಲ್ಲಿ ಬೆವರು ಒಡೆಯುತ್ತಿತ್ತು. ಟ್ರೆಡಲ್ ತುಳಿಯುವ ಮಾತು ದೂರ, ಶೆಡ್ಡಿನ ಬಾಗಿಲ ತನಕ ನಡೆಯುವುದೂ ಆಗುತ್ತಿರಲಿಲ್ಲ.

ನರದ ತುದಿಯಲ್ಲಿ ಗಂಟು ಕಟ್ಟಿರಬೇಕು ಎಂದು ಡಾಕ್ಟರು ಒಮ್ಮೆ ಮತ್ತೆ ಕೊಯ್ದು ನೋಡಿದರು. ಗಾಯ ಮಾಯಿತು, ಬೆರಳು ಬಿಡಲಿಲ್ಲ.

"ಕೆಳಗ ಇಲ್ಲ ಅಂದ್ರ ಮ್ಯಾಲ ಅದ" ಎಂದು ಡಾಕ್ಟರು ತಲೆ ಮುಟ್ಟಿ ತೋರಿಸಿದರು. "ಮುಂಬೈಗೆ ಬರದು ಕೊಡ್ತೀನಿ. ಮಿದುಳಿಗೆ ಹೋಗೋ ಹಾದೀನೇ ಅಲ್ಲಿ ಕಡೀತಾರ. ಬ್ಯಾನಿ ಹೋಗಬಹುದು. ಆದರ ಟ್ರೆಡಲ್ ಮಾತ್ರ ಮರತುಬಿಡು."

ಪರಶುರಾಮ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ: "ಸರ, ಬೆರಳು ಬಿಡ್ಸಾಕ ತಲಿ ಕೊಯ್ಸಬೇಕೇನ್ರಿ?"

ಶೆಟ್ಟರು ಕೆಟ್ಟವರಲ್ಲ. ಮದುವೆಯ ಹಂಗಾಮು ಶುರುವಾಗುವ ತನಕ ಅವನ ಜಾಗ ಹಿಡಿದಿಡುತ್ತೇನೆ ಎಂದಿದ್ದರು. "ಲಗ್ನಪತ್ರಿಕೆ ಬಂದು ಬೀಳ್ತಾವು. ಅಷ್ಟರಾಗ ಡಾಕ್ಟರ ಕಡಿಂದ ಫಿಟ್ ಸರ್ಟಿಫಿಕೇಟು ತಂದಿ, ಮಶಿನ್ ನಿಂದು. ತರಲಿಲ್ಲ, ನಾ ಬ್ಯಾರೆಯವನ್ನ ನಿಲ್ಲಸ್ತೇನಿ. ಆದರ ಪರಸ್ಯಾ, ನೀ ತರೂದು ಆಗೂದಿಲ್ಲ ಬಿಡು."

ಮುಂಬೈಗೆ ಬರೆಯುವ ಮೊದಲು ನಾನು ಅವನ ಮನೆಗೊಮ್ಮೆ ಹೋಗಿ ಬರುತ್ತೇನೆ ಎಂದು ಡಾಕ್ಟರಿಗೆ ಹೇಳಿದೆ. ಕಾಲನ್ನು ಶೆಡ್ಡಿನಲ್ಲಿ ನೋಡುವುದೇ ಬೇರೆ, ಅದು ಬಾಳುವೆ ಮಾಡುವ ಜಾಗದಲ್ಲಿ ನೋಡುವುದೇ ಬೇರೆ. ಹೊಸ ಹುಡುಗರಿಗೆ ನಾನು ಹೇಳುವುದೂ ಅದನ್ನೇ, ಮನೆಗೆ ಹೋಗಿ ನೋಡ್ರಿ.

ಕಮರಿಪೇಟೆಯ ಓಣಿಯಲ್ಲಿ ಮನೆ ಸಿಕ್ಕಿತು. ಅಂಬವ್ವ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು. ಸಣ್ಣ ಮೈಯ, ದೊಡ್ಡ ದನಿಯ ಮುದುಕಿ.

"ಯಾರಪಾ ನೀ? ಯಾವ ಊರು?"

"ಅಮ್ಮಿನಬಾವಿ ಯವ್ವಾ. ನಿಮ್ಮ ಮಗನ ಕಾಲು ಮಾಡಿದಂವ."

"ಯಾರ ಪೈಕಿ?"

ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಸುಳ್ಳು ಹೇಳಲಿಕ್ಕೆ ನಾನು ಬಿ.ಎ. ಮಾಡಿರಲಿಲ್ಲ. ಅಂಬವ್ವ ಮೊರವನ್ನು ಸ್ವಲ್ಪ ಆಚೆ ಸರಿಸಿಕೊಂಡಳು. "ಕುಂದ್ರಪಾ" ಎಂದು ಕಟ್ಟೆಯ ಆ ತುದಿ ತೋರಿಸಿದಳು. ಒಳಗಿನಿಂದ ಬೇರೆಯಾಗಿ ಇಟ್ಟ ಗ್ಲಾಸಿನಲ್ಲಿ ಚಹಾ ಬಂತು. ಚಹಾ ಛಲೋ ಇತ್ತು, ಶುಂಠಿ ಹಾಕಿದ್ದಳು. ಕುಡಿದೆ.

ಬಾಗಿಲ ಪಕ್ಕದಲ್ಲಿ, ಮನೆಯವರ ಚಪ್ಪಲಿಗಳ ಸಾಲಿನಲ್ಲಿ, ನಾವು ಮಾಡಿದ ಕಾಲು ಗೋಡೆಗೆ ಆತು ನಿಂತಿತ್ತು. ಮಳೆಗೆ ನೆನೆಯಬಾರದೆಂದು ಮೇಲೊಂದು ಗೋಣಿಚೀಲ. ತೊಗಲಿನದು, ಮೇಲಾಗಿ ಬೂಟು ಬೇರೆ; ದೇವರು, ಒಲೆ ಇರುವ ಮನೆಯೊಳಗೆ ಅದು ಹೇಗೆ ಬರಬೇಕು? ಪರಶುರಾಮ ಹೊರಗಿನಿಂದ ಬಂದವನು ಅದನ್ನು ಬಿಚ್ಚಿಟ್ಟು, ಎಡಗಾಲಿಗೆ ತಾಯಿಯಿಂದ ನೀರು ಹಾಕಿಸಿಕೊಂಡು, ಬಾಗಿಲ ಚೌಕಟ್ಟು ಹಿಡಿದು ಕುಪ್ಪಳಿಸುತ್ತ ಒಳಗೆ ಹೋಗುತ್ತಿದ್ದ. ಕೃತಕ ಕಾಲು ಅವನಿಗೆ ಕಾಲಾಗಿರಲಿಲ್ಲ, ಚಪ್ಪಲಿಯಾಗಿತ್ತು.

"ಪರಶುರಾಮ, ಎಂದಾರ ಬೂಟ ಹಾಕಿದ್ದೇನೋ?" ಎಂದು ಒಳಗೆ ಕೂತಿದ್ದ ಅವನನ್ನು ಕೇಳಿದೆ.

"ನಮ್ಮ ಮುತ್ತ್ಯಾನೂ ಹಾಕಿಲ್ಲರಿ."

ನಾನು ಗ್ಲಾಸು ಕೆಳಗಿಟ್ಟೆ. ಬೆರಳೇ ಇಲ್ಲದ ಕಾಲಿಗೆ, ಚಪ್ಪಲಿ ಬಿಡು ಎಂದರೆ ಅದು ಏನನ್ನು ಬಿಟ್ಟೀತು?

ಮರುದಿನ ಶೆಡ್ಡಿನಲ್ಲಿ ಹೇಳಿದೆ: "ಚಾಚಾ, ಬೆರಳ ಇರೂ ಪಾದ ಬೇಕು. ಹೆಬ್ಬೆರಳಿನ ಸಂದಿ ಬೇಕು. ಚಪ್ಪಲಿ ಹಾಕ್ಕೊಂಡು ಬಿಡಾಕ ಬರಬೇಕು."

ಹುಸೇನಸಾಬರು ಬಾಚಿ ಕೆಳಗಿಟ್ಟರು. "ಅರೇ ಯಲ್ಲಪ್ಪಾ, ನಾ ಕಾಲು ಮಾಡಾಂವ ಅದೀನೋ, ಮೂರ್ತಿ ಮಾಡಾಂವ ಅದೀನೋ? ಬುಕ್ಕಿನ್ಯಾಗ ಬೆರಳ ಎಲ್ಲೈತಿ ತೋರಸು!"

"ಬುಕ್ಕಿನ್ಯಾಗ ಕಮರಿಪೇಟೆನೂ ಇಲ್ಲ ಚಾಚಾ."

ಒಂದಿಷ್ಟು ಹೊತ್ತು ಗೊಣಗಿದರು. ಆಮೇಲೆ ತಮ್ಮದೇ ಬಲಗಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು, ಅದನ್ನು ನೋಡುತ್ತ ನೋಡುತ್ತ ಕೆತ್ತಿದರು. ಕಿರುಬೆರಳಿನ ಉಗುರು ಸಹ ಕೆತ್ತಿದರು. ಪಾದ ಮುಗಿದಾಗ ಅದು ಪರಶುರಾಮನದಕ್ಕಿಂತ ಹುಸೇನಸಾಬರ ಕಾಲನ್ನೇ ಹೋಲುತ್ತಿತ್ತು. "ನಂದು ಒಂದು ಪಾಂವ್ ಕಮರಿಪೇಟೆಕ್ಕ ಹೊಂಟತಿ" ಎಂದು ಎಲ್ಲರಿಗೂ ತೋರಿಸಿದರು.

ಚಪ್ಪಲಿ ಜೋಡಿ ಅಪ್ಪ ಹೊಲಿದ. "ಒಂದು ಕಾಲು ಕಟಗೀದು ಅಂತೀದಿ. ಛಲೋ ಆತು, ಹೊಸಾ ಚಪ್ಪಲಿ ಅದನೊಂದ ಕಚ್ಚೂದಿಲ್ಲ" ಎಂದ.

ಹೊಸ ಕಾಲು ಕಟ್ಟಿಕೊಂಡು, ಮೇಲೆ ಧೋತರ ಇಳಿಬಿಟ್ಟು, ಎರಡೂ ಕಾಲಿಗೆ ಚಪ್ಪಲಿ ಹಾಕಿ, ಕೋಲೂರಿ ಪರಶುರಾಮ ಟಾಂಗಾದಿಂದ ಮನೆಯ ಮುಂದೆ ಇಳಿದ. ಜೊತೆಗೆ ನಾನು. ನೋವು ಇತ್ತು, ಹಲ್ಲು ಕಚ್ಚಿಕೊಂಡೇ ನಿಂತಿದ್ದ. ಅಂಬವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಬಾಗಿಲಲ್ಲಿ ಮಗನ ದನಿ ಕೇಳಿ, ಹಿಟ್ಟಿನ ಕೈಯಲ್ಲೇ ನೀರಿನ ತಂಬಿಗೆ ತೆಗೆದುಕೊಂಡು ಬಂದಳು. ಧೋತರದ ಕೆಳಗೆ ಎರಡು ಪಾದ, ಎರಡು ಚಪ್ಪಲಿ. ಮುದುಕಿ ಯೋಚನೆ ಮಾಡಲಿಲ್ಲ. ಅವನ ಸಣ್ಣಂದಿನಿಂದ ಮಾಡುತ್ತ ಬಂದದ್ದನ್ನೇ ಮಾಡಿದಳು.

"ಚಪ್ಪಲಿ ಬಿಡಪಾ, ಕಾಲಿಗೆ ನೀರ ತಗೋ."

ಅವನೂ ಯೋಚನೆ ಮಾಡಲಿಲ್ಲ. ಎಡಗಾಲಿನ ಚಪ್ಪಲಿ ಬಿಟ್ಟ. ಆ ಕಾಲಿನಿಂದಲೇ ಬಲಗಾಲಿನ ಚಪ್ಪಲಿಯ ಹಿಂಬದಿ ಒತ್ತಿ ಅದನ್ನೂ ಜಾರಿಸಿದ. ಅಂಬವ್ವ ತಂಬಿಗೆ ಬಾಗಿಸಿದಳು.

"ಯವ್ವಾ, ನೀರ ಬ್ಯಾಡ! ಕಟಗಿ ಉಬ್ಬತೈತಿ!" ಎಂದು ನಾನು ಕೂಗಿದೆ. ಅಷ್ಟರಲ್ಲಿ ನೀರು ಎರಡೂ ಪಾದದ ಮೇಲೆ ಹರಿದಿತ್ತು.

ಪರಶುರಾಮ "ಹಾ!" ಎಂದ. ಸುಟ್ಟವನ ಹಾಗಲ್ಲ, ಬೇಸಿಗೆಯಲ್ಲಿ ಬಾವಿಗೆ ಕಾಲು ಇಳಿಬಿಟ್ಟವನ ಹಾಗೆ. ಕೆಳಗೆ ನೋಡಿದ. ಹುಸೇನಸಾಬರು ಕೆತ್ತಿದ ಬೆರಳುಗಳ ಸಂದಿಯಿಂದ ನೀರು ಇಳಿಯುತ್ತಿತ್ತು.

"ತಣ್ಣಗಾತು" ಎಂದ. ಆಮೇಲೆ, "ಬಿಟ್ಟಾವಬೇ."

"ಏನ ಬಿಟ್ಟಾವೋ?"

"ಬೆರಳಬೇ! ಚಪ್ಪಲಿ ಬಿಟ್ಟಾವು!"

ಅವನು ಕೋಲು ಬಿಟ್ಟು ತಾಯಿಯ ಹೆಗಲು ಹಿಡಿದ. ನಗುತ್ತಿದ್ದ, ಮೂಗು ಸುರಿಯುತ್ತಿತ್ತು. ಅಂಬವ್ವನಿಗೆ ಒಂದೂ ತಿಳಿಯಲಿಲ್ಲ. "ಇಷ್ಟ ದಿನ ಯಾಕ ಬಿಡಲಿಲ್ಲೋ ಹುಚ್ಚಪ್ಯಾಲಿ, ನಾ ದಿನಾ ಬಿಡು ಬಿಡು ಅನ್ನತಿದ್ದೆ!" ಎಂದು ಬೈದಳು. ಮಗ ತೊಗಲು ಕಟ್ಟಿಗೆ ಎಲ್ಲದರ ಸಮೇತ ಹೊಸ್ತಿಲು ದಾಟಿ ಒಳಗೆ ಹೋದ. ಆಮೇಲೆ ಅವಳಿಗೆ ನೆನಪಾಯಿತು. ಬಾಗಿಲಲ್ಲಿ ಒಂದು ಗಳಿಗೆ ನಿಂತು, "ಆತು ಬಿಡು, ನೀರ ಬಿದ್ದೈತಿ" ಎಂದು ತೀರ್ಮಾನ ಹೇಳಿ ರೊಟ್ಟಿ ಹೊರಳಿಸಲು ಓಡಿದಳು. ರೊಟ್ಟಿ ಸುಟ್ಟಿತ್ತು.

ನೋವು ಅಂದೇ ಪೂರ್ತಿ ಹೋಯಿತು ಎಂದು ಬರೆದರೆ ಸುಳ್ಳಾದೀತು. ಆಗಾಗ ಬೆರಳು ಮತ್ತೆ ಬಿಗಿಯುತ್ತಿದ್ದವು. ಆದರೆ ಈಗ ಅವನಿಗೆ ದಾರಿ ಗೊತ್ತಿತ್ತು. ಚಪ್ಪಲಿ ಬಿಟ್ಟು, ನೀರು ಹಾಕಿಸಿಕೊಂಡರೆ ಸಡಿಲಾಗುತ್ತಿದ್ದವು. ದಿನ ಹೋದಂತೆ ಬಿಗಿಯುವುದೂ ಕಡಿಮೆಯಾಯಿತು. ಒಂದು ದಿನ ಶೆಡ್ಡಿಗೆ ಬಂದು ಗಂಭೀರವಾಗಿ ದೂರು ಕೊಟ್ಟ: "ಸರ, ನಿಮ್ಮ ಅಪ್ಪಾರಿಗೆ ಹೇಳ್ರಿ. ಹೊಸಾ ಚಪ್ಪಲಿ ಎಡಗಾಲಿಗೆ ಕಚ್ಚವಲ್ದು, ಬಲಗಾಲಿನ ಕಿರಬೆರಳಿಗೆ ಕಚ್ಚಾಕತ್ತೈತಿ."

ಅಪ್ಪ ನಗಲಿಲ್ಲ. ಚಪ್ಪಲಿ ತರಿಸಿಕೊಂಡು, ಕಿರುಬೆರಳಿನ ಜಾಗಕ್ಕೆ ಎಣ್ಣೆ ಹಚ್ಚಿ ಬಡಿದು ಮೆತ್ತಗೆ ಮಾಡಿ ಕಳಿಸಿದ. ಗಿರಾಕಿ ಕಚ್ಚುತ್ತದೆ ಎಂದರೆ ಕಚ್ಚುತ್ತದೆ ಎನ್ನುವುದು ಅವನ ಶಾಸ್ತ್ರ. ಕಚ್ಚುವುದು ನಿಂತಿತು.

ಹುಸೇನಸಾಬರಿಗೆ ಮಾತ್ರ ಸಿಟ್ಟು ಇಳಿಯಲಿಲ್ಲ. ದಿನವೂ ನೀರು ಕುಡಿದ ಪಾದ ಉಬ್ಬಿ, ಹೆಬ್ಬೆರಳು ಸೀಳಿತ್ತು. "ನನ್ನ ಪಾಂವ್ ಹಾಳ ಮಾಡ್ಯಾರು ತಾಯಿ ಮಗ" ಎಂದು ಬೈಯುತ್ತಲೇ ಹೊಸದೊಂದು ಪಾದ ಕೆತ್ತಿ, ಅದನ್ನು ಹೊತ್ತುಕೊಂಡು ನೇರವಾಗಿ ಕಲಘಟಗಿಗೆ ಹೋದರು. ಅಲ್ಲಿ ತೊಟ್ಟಿಲಿಗೆ ಅರಗಿನ ಬಣ್ಣ ಹಾಕುವ ಪರಿಚಯದವರು ಇದ್ದರು. ತೊಟ್ಟಿಲಿನಲ್ಲಿ ಕೂಸುಗಳು ಎಷ್ಟು ನೀರು ಮಾಡಿದರೂ ಕಟ್ಟಿಗೆ ಕೆಡುವುದಿಲ್ಲವಲ್ಲ! ಹೊಸ ಪಾದ ಅರಗು ಹಾಕಿಸಿಕೊಂಡು ಬಂತು. ಆದರೆ ತೊಟ್ಟಿಲಿನವರಿಗೆ ಬರುವ ಬಣ್ಣ ತೊಟ್ಟಿಲಿನ ಬಣ್ಣವೇ. ಪಾದ ಕುಂಕುಮಗೆಂಪು, ಉಗುರುಗಳು ಅರಿಶಿನಹಳದಿ, ಹಿಮ್ಮಡಿಯ ಸುತ್ತ ಹಸಿರು ಬಳ್ಳಿ.

ಕೆರೂರ ಡಾಕ್ಟರು ಅದನ್ನು ಎತ್ತಿ ಹಿಡಿದು ಬಹಳ ಹೊತ್ತು ನೋಡಿದರು. "ಇದು ಕಾಲೋ, ನಾಮಕರಣಕ್ಕ ಉಡುಗೊರಿಯೋ?"

"ನೀರ ಹೀರೂದಿಲ್ಲರಿ ಸಾಹೇಬ" ಎಂದರು ಹುಸೇನಸಾಬರು, ಎದೆ ಉಬ್ಬಿಸಿ.

ಪರಶುರಾಮ ಬೇರೆ ಬಣ್ಣ ಬೇಡವೇ ಬೇಡ ಎಂದ. ಅದರ ನಂತರ ನಮ್ಮ ಶೆಡ್ಡಿನಲ್ಲಿ ಬೆರಳಿಲ್ಲದ ಪಾದ ಕೇಳಿದವರಿಗೆ ಮಾತ್ರ ಮಾಡಿದೆವು. ಬಣ್ಣ ಮಾತ್ರ ಮುಂದೆ ಮೈಬಣ್ಣದ್ದೇ ಹಾಕಿಸಿದೆವು. ನನಗೆ ಅದು ಸ್ವಲ್ಪ ಬೇಸರವೇ.

ಸರ್ಟಿಫಿಕೇಟು ಕೊಡುವ ಮೊದಲು ಡಾಕ್ಟರು ತಾವೇ ಪರೀಕ್ಷೆ ಮಾಡಬೇಕು ಎಂದರು. ಅಂಬವ್ವನನ್ನೂ ಕರೆಸಿದರು. ಆಸ್ಪತ್ರೆಯ ಹಿತ್ತಲಿನಲ್ಲಿ ಪರಶುರಾಮನ ಕಣ್ಣಿಗೆ ಟವೆಲ್ಲು ಕಟ್ಟಿ ನಿಲ್ಲಿಸಿದರು. ಮೊದಲು ಡಾಕ್ಟರು ಸದ್ದಿಲ್ಲದೆ ಬಣ್ಣದ ಪಾದದ ಮೇಲೆ ನೀರು ಬಿಟ್ಟರು.

"ಏನರ ಗೊತ್ತಾತೇನು?"

"ಏನೂ ಇಲ್ಲರಿ."

ಆಮೇಲೆ ಅಂಬವ್ವನ ಕಿವಿಯಲ್ಲಿ ಏನೋ ಹೇಳಿದರು. ಅವಳು ಅನುಮಾನದಿಂದ ಡಾಕ್ಟರನ್ನು ನೋಡಿ, "ಕಾಲಿಗೆ ನೀರ ತಗೋಪಾ" ಎಂದು ತಂಬಿಗೆಯ ನೀರನ್ನು ಪಕ್ಕದ ನೆಲಕ್ಕೆ ಸುರಿದಳು. ಪಾದಕ್ಕೆ ಹನಿಯೂ ಬೀಳಲಿಲ್ಲ.

"ಆತಬೇ, ಸಾಕು" ಎಂದ ಪರಶುರಾಮ, ಬಲಗಾಲು ಹಿಂದಕ್ಕೆ ಎಳೆದುಕೊಳ್ಳುತ್ತ. "ತಣ್ಣಗ ಐತಿ."

ಡಾಕ್ಟರು ನನ್ನ ಕಡೆ ತಿರುಗಿ ಕೈ ಎತ್ತಿದರು, ಆಟ ಗೆದ್ದವರ ಹಾಗೆ. "ನೋಡಿದ್ಯಾ ಯಲ್ಲಪ್ಪಾ! ನೀರು ಕಾಲಿಗೆ ತಾಗಿಲ್ಲ. ಕಿವಿ ಕೇಳ್ತು, ಮಿದುಳಿಗೆ ಹೇಳ್ತು, ಮಿದುಳು ತಣ್ಣಗಾತು. ಎಲ್ಲಾ ಇಲ್ಲೇ ಅದ!"

"ಖರೇ ಸರ. ಮಿದುಳು ಇಲ್ಲಾಂದ್ರ ತಣ್ಣಗ ಅನ್ನಾಕ ಯಾರು ಇರ್ತಿದ್ರು" ಎಂದೆ. "ಆದರ ನೀವು ಖರೇ ನೀರ ಹಾಕಿದ್ರಿ, ಆ ಮಿದುಳು ಸುಮ್ಮನಿತ್ತು. ಅವ್ವ ನೆಲಕ್ಕ ಹಾಕಿದ್ಲು, ಅದು ಓಡಿ ಬಂತು. ಮುಂಬೈಯಾಗ ಮಿದುಳು ತಗದು ನೋಡಿದ್ರ ನಡುನೆತ್ತಿಯೊಳಗ ಕಾಲು ಸಿಗತಿತ್ತರಿ. ಈ ಅವ್ವ, ಆ ಹೊಸ್ತಿಲು ಯಾವ ಸೀಳಿನ್ಯಾಗ ಸಿಗತಿದ್ವು?"

"ಅವೂ ಅಲ್ಲೇ ಎಲ್ಲೋ ಇರ್ತಾವೋ. ನಮಗ ಇನ್ನ ಓದಾಕ ಬಂದಿಲ್ಲ, ಅಷ್ಟ."

"ಓದಾಕ ಬಂದ್ರೂ ಸರ, ಓದಿದವರು ತಂಬಿಗಿ ಹಿಡದು ಬಾಗಲಾಗ ನಿಲ್ಲಬೇಕಲ್ಲ?"

ಡಾಕ್ಟರು ಜೋರಾಗಿ ನಕ್ಕರು. ನಾವಿಬ್ಬರೂ ಈ ಜಗಳವನ್ನು ಅವರು ನಿವೃತ್ತರಾಗುವ ತನಕ ಬಿಡಲಿಲ್ಲ. ಯಾರೂ ಗೆಲ್ಲಲಿಲ್ಲ. ಅವರು ಹೇಳುವುದು ತಪ್ಪು ಎಂದು ನನಗೆ ಇವತ್ತಿಗೂ ಅನ್ನಿಸುವುದಿಲ್ಲ; ಸಾಲುವುದಿಲ್ಲ ಎನ್ನಿಸುತ್ತದೆ. ಕಾಲು ಎನ್ನುವುದು ಮೂಳೆಯಲ್ಲಿ ಅಷ್ಟು, ಮಿದುಳಿನಲ್ಲಿ ಅಷ್ಟು, ಅದು ದಿನಾ ದಾಟುವ ಹೊಸ್ತಿಲಿನಲ್ಲಿ ಅಷ್ಟು, ನೀರು ಹಾಕುವವರ ಕೈಯಲ್ಲಿ ಅಷ್ಟು ಇರುತ್ತದೆ. ನಾವು ಕಟ್ಟಿಗೆಯದನ್ನು ಮಾತ್ರ ಮಾಡುತ್ತೇವೆ. ಪ್ರೊಫೆಸರರಿಗೆ ಹೇಳಲಿಕ್ಕೆ ಧಾರವಾಡಕ್ಕೆ ಹೋಗಿದ್ದೆ. ಅವರು ಎಲ್ಲ ಕೇಳಿ, "ಉತ್ತರ ಸಿಕ್ಕಿಲ್ಲ ಬಿಡು, ಆದರ ಪ್ರಶ್ನಿ ಛಲೋ ಆತು" ಎಂದು ಸಿಹಿ ಮಂಡಿಗೆ ತಿನ್ನಿಸಿ ಕಳಿಸಿದರು.

ಕೊನೆಯ ಪರೀಕ್ಷೆ ಶೆಟ್ಟರ ಮುದ್ರಣಾಲಯದಲ್ಲಿ. ಡಾಕ್ಟರು ಒಂದು ಸ್ಟೂಲಿನ ಮೇಲೆ ಕೂತರು. ಪರಶುರಾಮ ಚಪ್ಪಲಿ ಬಿಟ್ಟು ಯಂತ್ರಕ್ಕೆ ಕೈ ಮುಗಿದು, ಎಡಗಾಲ ಮೇಲೆ ನಿಂತು, ಕೆಂಪು ಪಾದವನ್ನು ತುಳಿಹಲಗೆಯ ಮೇಲೆ ಇಟ್ಟ. ಮೊದಲ ತುಳಿತಕ್ಕೆ ಅವನ ದವಡೆ ಬಿಗಿಯಿತು. ಎರಡನೆಯದಕ್ಕೆ ಗಾಲಿ ತಿರುಗಿತು. ಆಮೇಲೆ ಯಂತ್ರದ ಖಟಕ್ ಖಟಕ್ ಸಪ್ಪಳ ಒಂದೇ ಲಯಕ್ಕೆ ಬಂತು, ಹಾಳೆಗಳು ಒಂದರ ಮೇಲೊಂದು ಬಿದ್ದವು. ಯಾರದೋ ಲಗ್ನಪತ್ರಿಕೆ, ಹಳದಿ ಕಾಗದ, ಕೆಂಪು ಮಸಿ. ಶೆಟ್ಟರು ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ಕಾಲಿನ ಬಣ್ಣಕ್ಕೂ ಪತ್ರಿಕಿ ಬಣ್ಣಕ್ಕೂ ಮ್ಯಾಚ್ ಆಗೈತಲ್ಲೋ ಪರಸ್ಯಾ!" ಎಂದರು. "ಸಾಕು ನಿಲ್ಲಸು, ಡಾಕ್ಟರಿಗೆ ನಂಬಿಕಿ ಬಂತು."

"ತಡೀರಿ, ಈ ರಾಶಿ ಮುಗಸ್ತೇ‌ನಿ" ಎಂದ ಅವನು, ನಿಲ್ಲಿಸದೆ.

ಡಾಕ್ಟರು ಅಲ್ಲೇ, ಮೊಣಕಾಲ ಮೇಲೆ ಹಾಳೆ ಇಟ್ಟುಕೊಂಡು ಸರ್ಟಿಫಿಕೇಟು ಬರೆದರು. ನಿಂತು ಟ್ರೆಡಲ್ ಯಂತ್ರ ನಡೆಸುವ ಕೆಲಸಕ್ಕೆ ಯೋಗ್ಯ ಎಂದು ಬರೆದು ಸಹಿ ಹಾಕಿದರು. "ಆಗೋದಿಲ್ಲ ಅಂದಾಂವ ನಾನ. ನಾನ ಬರದೀನಿ ತಗೋ" ಎಂದು ಪರಶುರಾಮನಿಗೆ ಕೊಡಹೋದರು. ಅವನ ಎರಡೂ ಕೈಗೆ ಮಸಿ. "ಶೆಟ್ರಿಗೆ ತೋರಸಿ ಯಲ್ಲಪ್ಪ ಸರ ಕೈಯಾಗ ಕೊಡ್ರಿ. ಸರ, ಇವತ್ತ ಅವ್ವಗ ಓದಿ ಹೇಳ್ರಿ. ಆಕಿ ಕಾಯಾಕತ್ತಾಳ" ಎಂದ.

ಕಮರಿಪೇಟೆಗೆ ನಡೆದುಕೊಂಡೇ ಹೋದೆ. ಅಂಬವ್ವ ಬಾಗಿಲಲ್ಲೇ ನಿಂತಿದ್ದಳು. ನಾನು ಕಟ್ಟೆಯ ಕೆಳಗೆ, ಮಾಮೂಲು ಕೂಡುವ ಆ ತುದಿಯ ಹತ್ತಿರ ನಿಂತು ಜೋರಾಗಿ ಓದಿದೆ. ಇಂಗ್ಲಿಷಿನಲ್ಲಿ ಒಮ್ಮೆ, ಕನ್ನಡದಲ್ಲಿ ಇನ್ನೊಮ್ಮೆ. ಓಣಿಯವರು ಹೊರಗೆ ಬಂದರು. ಓದಿ ಮುಗಿಸಿ ಕೈ ಚಾಚಿದೆ. ಅವಳು ಮೇಲಿನಿಂದ ಸೆರಗು ಒಡ್ಡುತ್ತಾಳೆ, ನಾನು ಅದರಲ್ಲಿ ಹಾಕುತ್ತೇನೆ ಎಂದುಕೊಂಡಿದ್ದೆ. ಅವಳು ಮೆಟ್ಟಿಲು ಇಳಿದು ಬಂದು, ಸರ್ಟಿಫಿಕೇಟನ್ನು ನನ್ನ ಕೈಯಿಂದ ಕೈಗೆ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಒಳಗೆ ಹೋದಳು. ದೇವರ ಮುಂದೆ ಇಡಲು ಹೋಗಿರಬೇಕು ಎಂದು ನಾನು ಹೊರಡಲು ತಿರುಗಿದೆ.

"ಎಲ್ಲಿ ಹೊಂಟಿ?"

ತಿರುಗಿ ನೋಡಿದರೆ ಅಂಬವ್ವ ಹೊಸ್ತಿಲ ಮೇಲೆ ನಿಂತಿದ್ದಾಳೆ. ಕೈಯಲ್ಲಿ ನೀರಿನ ತಂಬಿಗೆ.

"ಕಟಗಿ ಕಾಲ ಒಳಗ ಬಂದೈತಿ, ನಿನ್ನ ಕಾಲು ಯಾಕ ಹೊರಗ ನಿಂತೈತೋ ತಮ್ಮಾ? ಬಾ, ಚಪ್ಪಲಿ ಬಿಡು. ನೀರ ತಗೋ."